ಕಾರ್ವಿಂಗ್ ಪ್ರಾಜೆಕ್ಟ್, ಭಾಗ 4: ನವೆಂಬರ್‌ಗೆ ಯಾವ ಬೆಟ್ಟ?

ಸೆಪ್ಟೆಂಬರ್ 27

ಮ್ಯೂನಿಕ್‌ನಲ್ಲಿ ಚಳಿ ಶುರುವಾಗಿದೆ. ಸ್ನೋಬೋರ್ಡನ್ನು ನೆಲಮಾಳಿಗೆಯಿಂದ ಮೇಲೆ ತಂದೆ.

ಈ ಸೀಸನ್ನಿಗೆ ಗುರಿ ಒಂದೇ. ಎಡಕ್ಕೆ, ಬಲಕ್ಕೆ, ಸತತ ಹತ್ತು ತಿರುವು, ಎಲ್ಲವೂ ಎಡ್ಜ್ ಮೇಲೇ, ಅಂದರೆ ಬೋರ್ಡಿನ ಅಂಚಿನ ಮೇಲೇ ಆಗಬೇಕು. ಒಂದೂ ಜಾರಬಾರದು. ಹೊಸದಾಗಿ ಓದುತ್ತಿರುವವರಿಗೆ ಹೇಳ್ತೀನಿ: ಸ್ನೋಬೋರ್ಡಿನಲ್ಲಿ ಮಾಮೂಲಿ ತಿರುವು ಅಂದರೆ ಬೋರ್ಡಿನ ಹಿಂಭಾಗ ಹಿಮವನ್ನು ಕೆರೆಯುತ್ತಾ ಜಾರುತ್ತದೆ. ಕಾರ್ವಿಂಗ್‌ನಲ್ಲಿ ಹಾಗಲ್ಲ. ಬೋರ್ಡನ್ನು ಪಕ್ಕಕ್ಕೆ ವಾಲಿಸಿದರೆ ಸಾಕು, ಅದರ ಅಂಚಿಗೇ ಒಂದು ಬಾಗು ಇರುತ್ತದಲ್ಲ, ಆ ಬಾಗಿನ ದಾರಿಯಲ್ಲೇ ಅದು ಹೋಗುತ್ತದೆ. ಹಿಂದೆ ತಿರುಗಿ ನೋಡಿದರೆ ರಂಗೋಲಿಯ ಎಳೆಯ ಹಾಗೆ ಸಣ್ಣ ಗೆರೆ. ಹೋದ ಮಾರ್ಚ್‌ನಲ್ಲಿ ಅಂಥ ಗೆರೆ ಒಂದು ಬಿತ್ತು. ನಿಂತು, ಬೋರ್ಡ್ ಬಿಚ್ಚಿ, ಮೇಲೆ ಹತ್ತಿ ಹೋಗಿ ಮಂಡಿಯೂರಿ ನೋಡಿದೆ. ಎರಡು ಬೆರಳಷ್ಟು ಆಳ, ಒಳಗಿನ ಗೋಡೆ ಚಾಕುವಿನಲ್ಲಿ ಕೊಯ್ದ ಹಾಗೆ ನುಣ್ಣಗೆ. ಕೊನೆಯಲ್ಲಿ ಮಾತ್ರ ಒಂದು ಅಡಿಯಷ್ಟು ಕೆರೆದ ಗುರುತು. ಅಲ್ಲಿ ಬೂಟಿನ ತುದಿ ಹಿಮಕ್ಕೆ ತಾಗಿತ್ತು.

ಬೂಟು ತಾಗದ ಹಾಗೆ ಮಾಡುವ ಕೆಲಸ ಬೇಸಿಗೆಯಲ್ಲೇ ಮುಗಿಸಿದ್ದೇನೆ. ನಡು 26.5 ಸೆಂಟಿಮೀಟರ್ ಅಗಲದ ಬೋರ್ಡ್ ತಗೊಂಡೆ, ಬೂಟನ್ನು ಬೋರ್ಡಿಗೆ ಬಿಗಿಯುವ ಎರಡೂ ಬೈಂಡಿಂಗನ್ನು ಮುಂದಕ್ಕೆ ತಿರುಗಿಸಿದೆ, ಮುಂದಿನದು 36 ಡಿಗ್ರಿ, ಹಿಂದಿನದು 24. ಈಗ ಮನೆಯ ಕಾರ್ಪೆಟ್ ಮೇಲೆ ಎಷ್ಟು ವಾಲಿಸಿದರೂ ಬೂಟು ತಾಗುತ್ತಿಲ್ಲ. ಉಳಿದದ್ದು ಜಾಗದ ಪ್ರಶ್ನೆ.

ಅಕ್ಟೋಬರ್ 11

ಹೋದ ವರ್ಷ ನವೆಂಬರ್ ಮೊದಲ ಶನಿವಾರ ಒಂದು ಗ್ಲೇಸಿಯರ್‌ಗೆ (ಹಿಮನದಿಗೆ) ಹೋಗಿದ್ದೆ. ಹೆಸರು ಬೇಡ, ತಪ್ಪು ಬೆಟ್ಟದ್ದಲ್ಲ, ನಾನು ಆರಿಸಿದ ದಿನದ್ದು. ತೆರೆದಿದ್ದದ್ದೇ ಮೂರು ಇಳಿಜಾರು. ಅದರಲ್ಲಿ ಅಗಲವಾದದ್ದರ ಅರ್ಧಕ್ಕೆ ಬಲೆ ಕಟ್ಟಿ ರೇಸ್ ತಂಡಗಳು ಕಂಬ ನೆಟ್ಟು ತರಬೇತಿ ಮಾಡುತ್ತಿದ್ದವು. ಉಳಿದ ಅರ್ಧದಲ್ಲಿ ನಾವೆಲ್ಲ. ಇಡೀ ದಿನದಲ್ಲಿ ಆರು ಸಲ ಇಳಿದೆ, ಒಂದು ಸಲವೂ ಧೈರ್ಯವಾಗಿ ಎಡ್ಜ್ ಮೇಲೆ ಹೋಗಲಿಲ್ಲ.

ಯಾಕೆ ಅಂತ ಆಮೇಲೆ ಲೆಕ್ಕ ಹಾಕಿದೆ. ನನ್ನ ಬೋರ್ಡಿನ ಅಂಚಿನ ಬಾಗು 9 ಮೀಟರ್ ತ್ರಿಜ್ಯದ್ದು. 45 ಡಿಗ್ರಿ ವಾಲಿಸಿದರೆ ತಿರುವಿನ ತ್ರಿಜ್ಯ ಸುಮಾರು 6.4 ಮೀಟರ್‌ಗೆ ಇಳಿಯುತ್ತದೆ, 60 ಡಿಗ್ರಿ ವಾಲಿಸಿದರೆ ಅರ್ಧಕ್ಕೆ, ಅಂದರೆ 4.5. ನಾನಿನ್ನೂ 45ರ ಹತ್ತಿರ ಇದ್ದೇನೆ. ಎಡಕ್ಕೊಂದು ಬಲಕ್ಕೊಂದು ಅರ್ಧ ವೃತ್ತ ಹಾಕಿದರೆ ಅಡ್ಡಕ್ಕೆ 13 ಮೀಟರ್ ಆಯಿತು, ವಾಲಿದ ಮೈಗೆ ಇನ್ನಷ್ಟು. ಕಮ್ಮಿ ಅಂದರೂ 15 ಮೀಟರ್ ಖಾಲಿ ಜಾಗ ನನಗೊಬ್ಬನಿಗೇ ಬೇಕು! ಹಿಂದಿನಿಂದ ನೇರ ಇಳಿದು ಬರುವ ಸ್ಕೀಯವರಿಗೆ ನಾನು ಅಷ್ಟು ಅಡ್ಡ ಬರುತ್ತೇನೆ ಅಂತ ಅಂದಾಜೇ ಇರುವುದಿಲ್ಲ. ನಿಯಮದ ಪ್ರಕಾರ ಮುಂದಿರುವವರಿಗೇ ಮೊದಲ ಹಕ್ಕು, ಹಿಂದಿನವರು ದಾರಿ ಬಿಡಬೇಕು, ನಿಜ. ಆದರೆ ತಿರುವು ಮುಗಿಯುವಾಗ ಬೋರ್ಡ್ ಮೇಲಕ್ಕೆ ಹತ್ತಿದರೆ ಆಗ ನೋಡಿಕೊಳ್ಳಬೇಕಾದ್ದು ನಾವೇ, ಅದೂ ಎಫ್‌ಐಎಸ್ (ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ) ನಿಯಮಗಳಲ್ಲೇ ಇದೆ. ಇದನ್ನು ಕಾರ್ವಿಂಗ್ ಕಲಿಯುವವರು ಮೊದಲ ದಿನವೇ ತಿಳಿದಿರಬೇಕು. ಇಲ್ಲಿ ಪೆಟ್ಟಾದರೆ ಸಣ್ಣ ಪೆಟ್ಟಾಗುವುದಿಲ್ಲ.

ಹಾಗಾಗಿ ಈ ಸಲ ಒಟ್ಟು ಎಷ್ಟು ಕಿಲೋಮೀಟರ್ ಇಳಿಜಾರು ಇದೆ ಅನ್ನುವ ಅಂಕಿಯನ್ನು ನೋಡುವುದನ್ನೇ ಬಿಟ್ಟಿದ್ದೇನೆ. ನನಗೆ ಒಂದೇ ಒಂದು ಇಳಿಜಾರು ಸಾಕು. ಅಗಲವಾಗಿರಬೇಕು, ತುಂಬಾ ಕಡಿದಾಗಿರಬಾರದು, ಬೆಳಿಗ್ಗೆ ಎರಡು ಗಂಟೆ ಖಾಲಿ ಇರಬೇಕು.

ಅಕ್ಟೋಬರ್ 26

ನವೆಂಬರ್‌ಗೆ ಅಂತ ಮಾಡಿಕೊಂಡ ಜಾಗಗಳ ಪಟ್ಟಿಯಿಂದ ಮೊದಲು ಹೊರಗೆ ಹೋದದ್ದು ಆಸ್ಟ್ರಿಯಾದ ಸೋಲ್ಡೆನ್. ಮನಸ್ಸು ಅಲ್ಲೇ ಇತ್ತು, ಸುಳ್ಳು ಯಾಕೆ. ಸ್ಕೀ ವಿಶ್ವಕಪ್ ಪ್ರತಿ ಅಕ್ಟೋಬರ್ ಕೊನೆಗೆ ಶುರುವಾಗುವುದೇ ಅಲ್ಲಿನ ರೆಟ್ಟನ್‌ಬಾಖ್ ಗ್ಲೇಸಿಯರ್ ಮೇಲೆ. ಆದರೆ ಆ ರೇಸ್ ಇಳಿಜಾರಿನ ಕಡಿದಾದ ಭಾಗವನ್ನು ನೋಡಿ. ಅಷ್ಟು ಕಡಿದಾದ ಕಡೆ ವೇಗ ಏರುತ್ತದೆ, ವೇಗ ಏರಿದರೆ ನನ್ನಂಥವರು ಹೆದರಿ ಜಾರಿಸುತ್ತೇವೆ, ಕಲಿತದ್ದೆಲ್ಲ ಹೋಗುತ್ತದೆ. ಅಲ್ಲಿಗೆ ಇನ್ನೆರಡು ವರ್ಷ ಬಿಟ್ಟು ಹೋಗುತ್ತೇನೆ.

ಒಬರ್‌ಗುರ್ಗಲ್ ಚೆನ್ನಾಗಿದೆ. ಊರೇ 1,930 ಮೀಟರ್ ಎತ್ತರದಲ್ಲಿದೆ, ನವೆಂಬರ್ ನಡುವೆ ತೆರೆಯುತ್ತದೆ. ಆದರೆ ಬಾಡಿಗೆ ಜಾಸ್ತಿ. ಇಟಲಿಯ ಲಿವಿನ್ಯೊ, ಅಂದರೆ 2026ರ ಒಲಿಂಪಿಕ್ಸ್‌ನ ಸ್ನೋಬೋರ್ಡ್ ತಾಣ, ಡಿಸೆಂಬರ್‌ಗೆ ಇಟ್ಟುಕೊಂಡಿದ್ದೇನೆ. ಸ್ವಿಟ್ಜರ್‌ಲೆಂಡಿನ ಜೆರ್ಮಾಟ್‌ನಲ್ಲಿ 3,883 ಮೀಟರ್‌ವರೆಗೆ ಕೇಬಲ್ ಕಾರ್ ಇದೆ, ವರ್ಷವಿಡೀ ಹಿಮ. ನನ್ನ ಕಿಸೆಗೆ ಅದು ದೂರ, ಮ್ಯೂನಿಕ್‌ನಿಂದಲೂ ದೂರ.

ಕೊನೆಗೆ ಉಳಿದದ್ದು ಎರಡು, ಸ್ಟುಬಾಯ್ ಮತ್ತು ಹಿಂಟರ್‌ಟುಕ್ಸ್. ಎರಡೂ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲೇ, ಎರಡೂ 3,200 ಮೀಟರ್ ದಾಟುತ್ತವೆ. ಸ್ಟುಬಾಯ್ ದೊಡ್ಡದು, ಇನ್ಸ್‌ಬ್ರುಕ್‌ಗೆ ಹತ್ತಿರ. ಹತ್ತಿರ ಇರುವುದರಿಂದಲೇ ಜನವೂ ಹೆಚ್ಚು ಅನ್ನುವುದು ನನ್ನ ಅಂದಾಜು. ಹಿಂಟರ್‌ಟುಕ್ಸ್ ಸಿಲರ್‌ಟಾಲ್ ಕಣಿವೆಯ ಒಳಗೆ, ಒಂದು ಕವಲಿನ ಕೊನೆಯಲ್ಲಿದೆ. ರಸ್ತೆ ಅಲ್ಲಿಗೇ ಮುಗಿಯುತ್ತದೆ. ಕೆಳಗೆ 1,500 ಮೀಟರ್, ಮೇಲೆ 3,250. ವರ್ಷದ 365 ದಿನವೂ ಸ್ಕೀ ನಡೆಯುವ ಜಾಗ, ಹಾಗಾಗಿ ನವೆಂಬರ್‌ನಲ್ಲಿ ಅದಕ್ಕೆ ಹೊಸದಾಗಿ "ತೆರೆಯುವ" ಗಡಿಬಿಡಿ ಇಲ್ಲ.

ಆಫೀಸಿನಲ್ಲಿ ಟಿರೋಲ್ ಕಡೆಯವರೊಬ್ಬರು ಇದ್ದಾರೆ. ಚಿಕ್ಕಂದಿನಿಂದ ಸ್ಕೀ ಮಾಡಿದವರು. ಅವರನ್ನು ಕೇಳಿದಾಗ ಹೇಳಿದ ಒಂದು ಮಾತು ನನ್ನ ಯೋಚನೆಯನ್ನೇ ತಿರುಗಿಸಿತು. "ನಿಮಗೆ ಬೇಕಾದ್ದು ಹಿಮಪಾತ ಅಲ್ಲ, ಚಳಿ ರಾತ್ರಿ," ಅಂದರು. ಹೌದಲ್ವಾ! ಹೊಸ ಹಿಮ ಮೆತ್ತಗಿರುತ್ತದೆ, ಅದರಲ್ಲಿ ಎಡ್ಜ್ ಹಿಡಿಯುವುದಿಲ್ಲ. ನಮಗೆ ಬೇಕಾದ್ದು ಗಟ್ಟಿ ಹಿಮ. ಒಣ ಗಾಳಿ, ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ, ಮೋಡವಿಲ್ಲದ ಆಕಾಶ ಇದ್ದರೆ ಹಿಮ ಹಾರಿಸುವ ಯಂತ್ರಗಳು ಚೆನ್ನಾಗಿ ಓಡುತ್ತವೆ. ಆ ಯಂತ್ರದ ಹಿಮ ಒತ್ತಾಗಿ ಕೂರುತ್ತದೆ. ರಾತ್ರಿ ಅದರ ಮೇಲೆ ಗ್ರೂಮರ್, ಅಂದರೆ ಹಿಮ ಸಮ ಮಾಡುವ ಗಾಡಿ, ಓಡಿಸುತ್ತಾರೆ. ಬೆಳಿಗ್ಗೆ ನೋಡಿದರೆ ಕುಂಟೆ ಹೊಡೆದ ಹೊಲದ ಹಾಗೆ ಸಾಲು ಸಾಲು ಗೆರೆ. ಎಲ್ಲರೂ ಅಯ್ಯೋ ಹಿಮ ಬೀಳಲಿಲ್ಲ ಅಂತ ಬೇಜಾರಾಗುವ ವಾರವೇ ನಮ್ಮ ವಾರ.

ಆಮೇಲಿಂದ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಹಿಂಟರ್‌ಟುಕ್ಸ್‌ನ ವೆಬ್‌ಕ್ಯಾಮ್ ನೋಡುತ್ತೇನೆ. ಬೆಟ್ಟ ಬಿಳಿಯಾಗಿದೆಯಾ ಅಂತಲ್ಲ. ಅಲ್ಲಿನ ಅಗಲವಾದ ಇಳಿಜಾರಿನಲ್ಲಿ ಬಲೆ ಎಲ್ಲಿವರೆಗೆ ಕಟ್ಟಿದ್ದಾರೆ, ಒಂಬತ್ತಕ್ಕೆ ಎಷ್ಟು ಜನ, ಹತ್ತೂವರೆಗೆ ಎಷ್ಟು ಜನ. ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೇನೆ. ಎರಡು ವಾರದ ಮಟ್ಟಿಗೆ ಹೇಳುವುದಾದರೆ ಮಂಗಳವಾರ, ಬುಧವಾರ ಹತ್ತರವರೆಗೂ ಜಾಗ ಇದೆ. ಶನಿವಾರ ಒಂಬತ್ತೂವರೆಗೇ ಮುಗಿಯಿತು.

ನವೆಂಬರ್ 2

ಬುಕ್ ಮಾಡಿದೆ. ಹಿಂಟರ್‌ಟುಕ್ಸ್, ನವೆಂಬರ್ ಮೂರನೇ ವಾರ, ಮಂಗಳವಾರದಿಂದ ಶುಕ್ರವಾರ. ನಾಲ್ಕು ದಿನ ರಜೆ ಹಾಕಿದ್ದೇನೆ. ವಾರಾಂತ್ಯದಲ್ಲಿ ಹೋಗಿ ರಜೆ ಉಳಿಸುವುದಕ್ಕಿಂತ ಇದೇ ವಾಸಿ.

ಉಳಿಯುವುದು ಸ್ವಲ್ಪ ಕೆಳಗಿನ ಲಾನರ್ಸ್‌ಬಾಖ್‌ನಲ್ಲಿ, ಒಂದು ಚಿಕ್ಕ ಗೆಸ್ಟ್‌ಹೌಸ್. ಎರಡು ದಿನ ಮೊದಲು ಹೇಳಿದರೆ ದುಡ್ಡು ವಾಪಸ್. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕೆಲಸ ಕೆಡಿಸುವುದು "ಫೋನ್" (Föhn) ಅನ್ನುವ ಗಾಳಿ. ದಕ್ಷಿಣದಿಂದ ಆಲ್ಪ್ಸ್ ದಾಟಿ ಬರುವ ಬಿಸಿ ಗಾಳಿ ಅದು. ಜೋರಾಗಿ ಬೀಸಿದರೆ ಮೇಲಿನ ಲಿಫ್ಟ್‌ಗಳನ್ನು ನಿಲ್ಲಿಸುತ್ತಾರೆ. ಆಗ ಪಕ್ಕದ ಗ್ಲೇಸಿಯರ್‌ಗೆ ಓಡಿದರೂ ಅಲ್ಲೂ ಅದೇ ಗಾಳಿ. ಹಾಗಾಗಿ ಬದಲಿ ಜಾಗ ಹುಡುಕಲಿಲ್ಲ, ಬದಲಿ ದಿನ ಇಟ್ಟುಕೊಂಡೆ. ಮುಂದಿನ ವಾರದ ರಜೆಗೂ ಮ್ಯಾನೇಜರ್ ಹತ್ತಿರ ಮಾತಾಡಿ ಇಟ್ಟಿದ್ದೇನೆ.

ಹೋಗುವುದು ರೈಲಿನಲ್ಲಿ. ಯೆನ್‌ಬಾಖ್‌ವರೆಗೆ ದೊಡ್ಡ ರೈಲು, ಅಲ್ಲಿಂದ ಮಾಯರ್‌ಹೋಫೆನ್‌ಗೆ ಕಣಿವೆಯ ಪುಟ್ಟ ನ್ಯಾರೋ ಗೇಜ್ ರೈಲು, ಆಮೇಲೆ ಬಸ್ಸು. ಕಾರಿನಲ್ಲಿ ಹೋಗುವವರು ಚಳಿಗಾಲದ ಟೈರ್ ಮರೆಯಬೇಡಿ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮವೋ ಐಸೋ ಇದ್ದರೆ ಅದು ಕಡ್ಡಾಯ.

ದಿನದ ಪ್ಲಾನ್ ಸರಳ. ಮೊದಲ ಗೊಂಡೋಲಾ ಹಿಡಿಯುವುದು, ಮೇಲೆ ಹೋಗಿ ಒಂದು ಇಳಿಜಾರು ನಿಧಾನವಾಗಿ ನೋಡಿಕೊಂಡು ಬರುವುದು, ಹಿಮ ಎಲ್ಲಿ ಗಟ್ಟಿ, ಎಲ್ಲಿ ಬರೀ ಐಸ್. ಆಮೇಲೆ ಹತ್ತೂವರೆವರೆಗೆ ಬರೀ ತಿರುವು. ಪ್ರತಿ ತಿರುವಿಗೂ ಮೊದಲು ತಲೆ ತಿರುಗಿಸಿ ಮೇಲೆ ನೋಡುವುದು. ಜನ ಬಂದ ಮೇಲೆ ಪಕ್ಕಕ್ಕೆ ಸರಿದು ಊಟ, ಫೋನಿನಲ್ಲಿ ವಿಡಿಯೋ ನೋಡುವುದು. 3,000 ಮೀಟರ್ ಮೇಲೆ ಮರವಿಲ್ಲ, ಮೋಡ ಕವಿದರೆ ನೆಲ ಯಾವುದು ಆಕಾಶ ಯಾವುದು ಅಂತ ಗೊತ್ತಾಗುವುದಿಲ್ಲ. ಅಂಥ ಹೊತ್ತಲ್ಲಿ ಕಾರ್ವಿಂಗ್ ಬೇಡ. ಮೋಡದ ದಿನಕ್ಕೆ ಅಂತ ತಿಳಿ ಗುಲಾಬಿ ಗಾಜಿನ ಗಾಗಲ್ ಒಂದು ತಗೊಂಡಿದ್ದೇನೆ.

ಈ ಶನಿವಾರ ಅಡುಗೆಮನೆ ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಬೋರ್ಡಿನ ಎಡ್ಜ್ 88 ಡಿಗ್ರಿಗೆ ಅರ ಹಾಕುತ್ತೇನೆ, ಚಳಿಗೆ ಅಂತ ಬರುವ ಗಟ್ಟಿ ವ್ಯಾಕ್ಸ್ ಹಚ್ಚುತ್ತೇನೆ. ಭಾಗ 5 ಬರೆಯುವುದು ಅಲ್ಲಿಂದ ಬಂದ ಮೇಲೆ. ಗೆರೆಯ ಫೋಟೋ ಹಾಕುತ್ತೇನೆ.