ಈ ಪಾಪ್-ಅಪ್ ತೋರಿಸ್ತಿರೋದು ಯಾರು?

ಪರದೆಯ ಮೇಲೆ ಏನಾದರೂ ದಿಢೀರನೆ ಎದ್ದು ಬಂತೆಂದರೆ ಸಾಕು, ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ವೈರಸ್. ಅದರ ಬೆನ್ನಿಗೇ ಫೋನಿನಲ್ಲಿ ಅಳಿಯನ ಸಲಹೆ: "ಮಾವ, ಸುಮ್ನೆ ಫಾರ್ಮ್ಯಾಟ್ ಮಾಡಿಬಿಡಿ." ಹೇಳುವುದು ಅವನಿಗೆ ಸುಲಭ. ಫೋಟೋಗಳು, ಹೆಂಡತಿಯ ಹೊಲಿಗೆ ಡಿಸೈನುಗಳು, ಪ್ರಿಂಟರ್ ಸೆಟ್ಟಿಂಗು, ಎಲ್ಲ ಎತ್ತಿಟ್ಟು ಮತ್ತೆ ಜೋಡಿಸುವವನು ನಾನು.

ಕೆಲಸದಲ್ಲಿದ್ದಾಗ ನಾನು ಟೆಲಿಫೋನ್ ಲೈನಿನ ಫಾಲ್ಟ್ ಹುಡುಕುತ್ತಿದ್ದೆ. ಫೋನ್ ಸತ್ತಿದೆ ಎಂದು ದೂರು ಬಂದ ತಕ್ಷಣ ಯಾರೂ ಇಡೀ ಕೇಬಲ್ ಅಗೆದು ತೆಗೆಯುವುದಿಲ್ಲ. ಎಕ್ಸ್‌ಚೇಂಜಿನಿಂದ ಕಂಬದವರೆಗೆ ಸರಿ ಇದೆಯಾ, ಕಂಬದಿಂದ ಮನೆಯವರೆಗೆ ಸರಿ ಇದೆಯಾ, ಹೀಗೆ ತುಂಡು ತುಂಡಾಗಿ ನೋಡಬೇಕು. ಪಾಪ್-ಅಪ್ ಬಂದಾಗಲೂ ನಾನು ಕೇಳುವುದು ಇದೇ ಪ್ರಶ್ನೆ. ಇದನ್ನು ತೋರಿಸುತ್ತಿರುವುದು ಯಾರು? ತೆರೆದಿರುವ ವೆಬ್ ಪುಟವಾ? ಬ್ರೌಸರಾ? ಬ್ರೌಸರಿಗೆ ಅಂಟಿಕೊಂಡ ಎಕ್ಸ್‌ಟೆನ್ಶನ್ ಎಂಬ ಸೇರ್ಪಡೆಯಾ? ವಿಂಡೋಸ್ ಒಳಗೆ ಕೂತ ಯಾವುದೋ ಪ್ರೋಗ್ರಾಮಾ? ಅದು ಗೊತ್ತಾಗುವ ತನಕ ಏನನ್ನೂ ಅಳಿಸಬಾರದು. ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಅಂತೂ ಮಾಡಲೇಬಾರದು.

ಈ ಸಲ ದೂರು ಬಂದದ್ದು ಹೆಂಡತಿಯಿಂದ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಸಣ್ಣ ಚೌಕ ಎದ್ದೇಳುತ್ತಿತ್ತು. "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಸಿಕ್ಕಿವೆ, ಈಗಲೇ ಸ್ಕ್ಯಾನ್ ಮಾಡಿ." ಪಕ್ಕದಲ್ಲಿ ಕೆಂಪು ಗುರಾಣಿಯ ಚಿತ್ರ. ಒಂದನ್ನು ಮುಚ್ಚಿದರೆ ಇನ್ನೊಂದು. ಬ್ರೌಸರ್ ಮುಚ್ಚಿದ್ದರೂ ಬರುತ್ತಿತ್ತು, ಅವಳಿಗೆ ಹೆದರಿಕೆಯಾಗಿದ್ದೇ ಅದಕ್ಕೆ.

ನಾನು ಅವಳಿಗೆ ಹೇಳಿದೆ, ಮೇಲಿನ ದೊಡ್ಡ ಅಕ್ಷರ ಓದಬೇಡ, ಸಣ್ಣ ಅಕ್ಷರ ಓದು ಅಂತ. ಆ ಚೌಕದೊಳಗೇ ಕ್ರೋಮ್ ಎಂಬ ಹೆಸರು ಮತ್ತು ಒಂದು ವೆಬ್‌ಸೈಟಿನ ವಿಳಾಸ ಪುಟ್ಟದಾಗಿ ಇರುತ್ತದೆ. ನಿಜವಾದ ಆಂಟಿವೈರಸ್ ಎಚ್ಚರಿಕೆಗೆ ವೆಬ್‌ಸೈಟಿನ ವಿಳಾಸ ಯಾಕಿರಬೇಕು? ಅಂದರೆ ಅದು ಎಚ್ಚರಿಕೆ ಅಲ್ಲ, ನೋಟಿಫಿಕೇಶನ್. ಯಾವುದೋ ಸೈಟಿಗೆ "ಅಲೋ", ಅಂದರೆ ಅನುಮತಿ ಇದೆ, ಎಂದು ಯಾರೋ ಒತ್ತಿದ್ದಾರೆ, ಅಷ್ಟೇ.

ಆ "ಅಲೋ" ಒತ್ತಿಸುವ ಉಪಾಯ ನೋಡಬೇಕು ನೀವು. ಸಿನಿಮಾ ಅಥವಾ ಗೇಮ್ ಹುಡುಕಿಕೊಂಡು ಹೋದ ಪುಟದಲ್ಲಿ ಒಂದು ರೋಬೋಟ್ ಚಿತ್ರ. "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ." ಬ್ರೌಸರ್ ಅದೇ ಹೊತ್ತಿಗೆ ನೋಟಿಫಿಕೇಶನ್ ಬೇಕಾ ಎಂದು ಕೇಳುತ್ತದೆ. ಎರಡೂ ಒಂದೇ ಪ್ರಶ್ನೆ ಎನ್ನುವ ಹಾಗೆ ಕಾಣುತ್ತದೆ. ಒಮ್ಮೆ ಒತ್ತಿದರೆ ಸಾಕು, ಆ ಸೈಟಿಗೆ ಅನುಮತಿ ಸಿಕ್ಕಂತೆ. ಪುಟ ಮುಚ್ಚಿದರೂ ಹಿನ್ನೆಲೆಯಲ್ಲಿ ಅದರ ಪುಟ್ಟ ಕೋಡ್ ಎಚ್ಚರವಾಗಬಲ್ಲದು. ವಿಂಡೋಸಿನಲ್ಲಿ ಕ್ರೋಮ್ ಕಿಟಕಿ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುತ್ತಿರಬಹುದು. ಮುಚ್ಚಿದ ಬ್ರೌಸರಿನಿಂದ ಚೌಕ ಬರುವ ಮಾಯೆ ಇದೇ.

ಆಂಟಿವೈರಸ್ ಇದನ್ನು ಯಾಕೆ ಹಿಡಿಯಲಿಲ್ಲ ಎಂದು ಅಳಿಯ ಕೇಳಿದ. ಹಿಡಿಯಲು ಅಲ್ಲಿ ಫೈಲೇ ಇಲ್ವಲ್ಲ! ಇರುವುದು ನಾವೇ ಕೊಟ್ಟ ಒಂದು ಅನುಮತಿ. ಫಾರ್ಮ್ಯಾಟ್ ಮಾಡಿ, ವಾಪಸ್ ಬಂದು, ಅದೇ ಪುಟದಲ್ಲಿ ಅದೇ ಗುಂಡಿ ಒತ್ತಿದರೆ ಮತ್ತೆ ಅದೇ ಕಥೆ.

ಔಷಧಿ ಬಹಳ ಸಣ್ಣದು. ಕ್ರೋಮ್ ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಪಡೆದವರ ಪಟ್ಟಿ ಇರುತ್ತದೆ. ನಮ್ಮ ಪಟ್ಟಿ ನೋಡಿ ನನಗೆ ನಗು ಬಂತು. ಕೀಬೋರ್ಡ್ ಮೇಲೆ ಬೆಕ್ಕು ನಡೆದಂತಹ ಹೆಸರುಗಳು, ಅರ್ಧಕ್ಕರ್ಧ ಅಂಕಿಗಳು. ಒಂದೊಂದನ್ನೇ ತೆಗೆದೆ. ಚೌಕಗಳು ಆ ಕ್ಷಣಕ್ಕೇ ನಿಂತವು. ಫೈರ್‌ಫಾಕ್ಸ್‌ನಲ್ಲೂ ಇಂಥದೇ ಪಟ್ಟಿ ಪ್ರೈವಸಿ ಪುಟದ ಪರ್ಮಿಶನ್ಸ್ ಭಾಗದಲ್ಲಿದೆ. ಇನ್ನು ಮುಂದೆ ಯಾರೂ ಕೇಳಲೇಬಾರದು ಎಂದು ಟಿಕ್ ಹಾಕುವ ಚೌಕವೂ ಅಲ್ಲೇ ಇದೆ.

ಪಾಪ್-ಅಪ್‌ನ ಕಥೆ ಮೊದಲಿಂದಲೂ ಹೀಗೇ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. 1990ರ ದಶಕದಲ್ಲಿ ಟ್ರೈಪಾಡ್ ಎಂಬ ಸೈಟಿನಲ್ಲಿದ್ದ ಈಥನ್ ಝಕರ್‌ಮನ್ ಮೊದಮೊದಲ ಪಾಪ್-ಅಪ್ ಜಾಹೀರಾತೊಂದರ ಕೋಡ್ ಬರೆದರು. ಒಂದು ಕಾರು ಕಂಪನಿಯ ಜಾಹೀರಾತು ಮುಜುಗರದ ಪುಟವೊಂದರ ಮೇಲೆ ಬಂದುಬಿಟ್ಟಿತ್ತು. ಪುಟದಿಂದ ಜಾಹೀರಾತನ್ನು ಬೇರೆ ಮಾಡಲು ಹೊಸ ಕಿಟಕಿಯಲ್ಲಿ ತೋರಿಸಿದರು. ಉದ್ದೇಶ ಕೆಟ್ಟದ್ದಲ್ಲ. 2014ರಲ್ಲಿ ಅವರು ಇದಕ್ಕೆ ಬಹಿರಂಗವಾಗಿ ಕ್ಷಮೆಯನ್ನೂ ಕೇಳಿದರು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಪಾಪ್-ಅಪ್ ತಡೆ ತಂದಿತು. ಆಮೇಲೆ 2015ರಲ್ಲಿ ಕ್ರೋಮ್‌ಗೆ ಪುಟ ಮುಚ್ಚಿದರೂ ಬರುವ ವೆಬ್ ನೋಟಿಫಿಕೇಶನ್ ಬಂತು. ಹಳೆಯ ಪಾಪ್-ಅಪ್ ಪುಟದೊಂದಿಗೆ ಬಂದು ಹೋಗುತ್ತಿತ್ತು. ಇದು ಮನೆಯಲ್ಲೇ ಉಳಿದುಬಿಟ್ಟಿತು. 2020ರಿಂದ ಬ್ರೌಸರುಗಳು ಈ ಪ್ರಶ್ನೆ ಕೇಳುವುದನ್ನು ಸ್ವಲ್ಪ ಬಿಗಿ ಮಾಡಿವೆ. ಆದರೆ ಗುಂಡಿ ಒತ್ತಿಸುವವರು ಅದಕ್ಕಿಂತ ಜಾಣರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ. ಚೌಕಗಳು ಹೋದವು, ಇನ್ನೊಂದು ಫಾಲ್ಟ್ ಉಳಿಯಿತು. ಅಡ್ರೆಸ್ ಬಾರಿನಲ್ಲಿ ಏನಾದರೂ ಹುಡುಕಿದರೆ ಪುಟ ಒಂದು ಕ್ಷಣ ಬೇರೆಲ್ಲೋ ಹೋಗಿ ಬರುತ್ತಿತ್ತು. ಫಲಿತಾಂಶದ ಮೊದಲ ಸಾಲುಗಳೆಲ್ಲ ಜಾಹೀರಾತು.

ಮತ್ತೆ ತುಂಡು ಮಾಡಿ ನೋಡಿದೆ. ಫೈರ್‌ಫಾಕ್ಸ್‌ನಲ್ಲಿ ಹುಡುಕಿದರೆ ಸರಿ ಇತ್ತು. ಅದೇ ವೈ-ಫೈಯಲ್ಲಿದ್ದ ಮೊಬೈಲಿನಲ್ಲೂ ಸರಿ, ಹಾಗಾಗಿ ರೌಟರ್ ಮೇಲೆ ಅನುಮಾನ ಬೇಡ. (ರೌಟರ್ ಕೆಡುವುದೂ ಉಂಟು. ಡಿಎನ್‌ಎಸ್ ಚೇಂಜರ್ ಎಂಬ ಹಳೆಯ ಮಾಲ್‌ವೇರ್, ಅಂದರೆ ಕೇಡು ಮಾಡುವ ಪ್ರೋಗ್ರಾಮು, ವೆಬ್‌ಸೈಟುಗಳ ವಿಳಾಸ ಹುಡುಕುವ ಸರ್ವರನ್ನೇ ಬದಲಿಸುತ್ತಿತ್ತು. ಅದನ್ನು ನಡೆಸುತ್ತಿದ್ದವರನ್ನು 2011ರಲ್ಲಿ ಹಿಡಿದರು.) ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲೂ ಹುಡುಕಾಟ ನೆಟ್ಟಗಿತ್ತು. ಅಲ್ಲಿ ಎಕ್ಸ್‌ಟೆನ್ಶನ್‌ಗಳು ನಾವಾಗಿ ಬಿಡದಿದ್ದರೆ ಓಡುವುದಿಲ್ಲ. ಫಾಲ್ಟ್ ಯಾವ ತುಂಡಿನಲ್ಲಿ ಎಂದು ಇಲ್ಲಿಗೆ ಗೊತ್ತಾಯಿತು ಅಲ್ವಾ?

ಎಕ್ಸ್‌ಟೆನ್ಶನ್ ಪಟ್ಟಿಯಲ್ಲಿ ಒಂದು ಪಿಡಿಎಫ್ ಪರಿವರ್ತಕ ಇತ್ತು. ಅದು ಕೇಳಿದ್ದ ಅನುಮತಿ: ಎಲ್ಲ ವೆಬ್‌ಸೈಟುಗಳಲ್ಲಿರುವ ನಿಮ್ಮ ಡೇಟಾ ಓದುವುದು ಮತ್ತು ಬದಲಿಸುವುದು. ಪಿಡಿಎಫ್ ಬದಲಿಸಲು ನನ್ನ ಎಲ್ಲ ಪುಟ ಓದುವ ಅಗತ್ಯ ಏನಿದೆ? ತೆಗೆಯೋಣ ಎಂದರೆ ರಿಮೂವ್ ಗುಂಡಿಯೇ ಇಲ್ಲ. ಮೆನುವಿನ ಕೆಳಗೆ ಒಂದು ಸಾಲು: ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ. ಯಾವ ಸಂಸ್ಥೆ ಮಾರಾಯ್ರೇ? ಇಲ್ಲಿರುವುದು ನಾನು, ಹೆಂಡತಿ, ಮೊಮ್ಮಗ. ನಿರ್ವಹಿಸುವವಳು ಹೆಂಡತಿ ಎಂಬುದು ನಿಜ, ಆದರೆ ಕ್ರೋಮ್‌ಗೆ ಅದು ಹೇಗೆ ಗೊತ್ತು?

ಕಚೇರಿಗಳ ಕಂಪ್ಯೂಟರ್ ವಿಭಾಗದವರು ನೌಕರರ ಬ್ರೌಸರುಗಳಿಗೆ ನಿಯಮ ಹಾಕಲೆಂದು ಇರುವ ಸೌಲಭ್ಯ ಇದು. ಜಾಹೀರಾತು ತುರುಕುವ ಅಡ್‌ವೇರ್ ಬರೆಯುವವರು ಅದನ್ನೇ ಬಳಸುತ್ತಾರೆ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯ ಪಾಲಿಸೀಸ್ ಜಾಗದಲ್ಲಿ "ಈ ಎಕ್ಸ್‌ಟೆನ್ಶನ್ ಕಡ್ಡಾಯ" ಎಂದು ಬರೆದರೆ ಮುಗಿಯಿತು, ಬಳಸುವವರು ತೆಗೆಯಲಾರರು. ಕೆಲವು ಒಳ್ಳೆಯ ಆಂಟಿವೈರಸ್‌ಗಳೂ ಇಲ್ಲಿ ನಿಯಮ ಬರೆಯುತ್ತವೆ. ಹಾಗಾಗಿ ಆ ಸಾಲು ಕಂಡಾಕ್ಷಣ ಬೆಚ್ಚಬೇಕಿಲ್ಲ. ಕ್ರೋಮ್‌ನ ಪಾಲಿಸಿ ಪುಟ ತೆರೆದು ಏನು ಬರೆದಿದೆ ಎಂದು ನೋಡಬೇಕು. ನಮ್ಮಲ್ಲಿ ಇದ್ದದ್ದು ಒಂದೇ ನಿಯಮ, ಅದರ ಮುಂದೆ ಆ ಪಿಡಿಎಫ್ ಎಕ್ಸ್‌ಟೆನ್ಶನ್‌ನ ಉದ್ದದ ಗುರುತು.

ನಿಯಮ ತನ್ನಷ್ಟಕ್ಕೆ ಬರೆದುಕೊಳ್ಳುವುದಿಲ್ಲ. ವಿಂಡೋಸಿನ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಮೊಮ್ಮಗ ಒಂದು ಉಚಿತ ವಿಡಿಯೋ ಡೌನ್‌ಲೋಡರ್ ಹಾಕಿದ ದಿನವೇ ಹೆಸರು ಕೇಳರಿಯದ ಇನ್ನೆರಡು ಪ್ರೋಗ್ರಾಮುಗಳು ಜೊತೆಗೆ ಬಂದಿದ್ದವು. ಎಲ್ಲ ತೆಗೆದೆ. ಹೇಳಿಟ್ಟ ಹೊತ್ತಿಗೆ ಪ್ರೋಗ್ರಾಮ್ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲೂ ಅದೇ ಹೆಸರಿನ ಒಂದು ನಮೂದು ಇತ್ತು. ಲಾಗಿನ್ ಆದಾಗಲೆಲ್ಲ ನಿಯಮ ಮತ್ತೆ ಬರೆಯುವುದು ಅದರ ಕೆಲಸ. ಮೂಲ ಇದು. ಇದನ್ನು ಬಿಟ್ಟು ರಿಜಿಸ್ಟ್ರಿ ಮಾತ್ರ ಒರೆಸಿದ್ದರೆ ಮರುದಿನ ಎಲ್ಲ ವಾಪಸ್. ಅದನ್ನು ಅಳಿಸಿದ ಮೇಲೆ ರಿಜಿಸ್ಟ್ರಿಯ ಬ್ಯಾಕಪ್ ತೆಗೆದು ಆ ಪಾಲಿಸಿಯನ್ನೂ ಅಳಿಸಿದೆ. ಅದರ ಜೊತೆಗೇ ಆ ಎಕ್ಸ್‌ಟೆನ್ಶನ್ನೂ ಹೋಯಿತು.

ಆಮೇಲೆ ಆಡ್‌ವ್‌ಕ್ಲೀನರ್ ಓಡಿಸಿದೆ. ಈಗ ಮಾಲ್‌ವೇರ್‌ಬೈಟ್ಸ್ ಕೊಡುವ ಉಚಿತ ಸಲಕರಣೆ ಅದು, ಇಂಥ ಅಡ್‌ವೇರ್ ಕಸಕ್ಕೆಂದೇ ಮಾಡಿದ್ದು. ಅಲ್ಲಿ ಇಲ್ಲಿ ಉಳಿದ ಫೋಲ್ಡರುಗಳನ್ನು ಅದು ಬಾಚಿಕೊಂಡಿತು. ಕೊನೆಗೆ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್. ಇದರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಸ್ಕ್ಯಾನ್ ನಡೆಯುತ್ತದೆ. ಅಡಗಿ ಕೂರುವ ಜಾತಿಯವು ಆಗ ಎಚ್ಚರ ಇರುವುದಿಲ್ಲ. ಸುಮಾರು ಕಾಲು ಗಂಟೆಯ ಕೆಲಸ. ಏನೂ ಸಿಗಲಿಲ್ಲ.

ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜಾಸ್ತಿಯೇ ಅಂಜುಬುರುಕ. ಎಲ್ಲ ಪುಟ ಓದುವ ಅನುಮತಿ ಇದ್ದ ಎಕ್ಸ್‌ಟೆನ್ಶನ್ ಏನು ಓದಿದೆಯೋ ಯಾರಿಗೆ ಗೊತ್ತು? ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡುಗಳನ್ನು ಬದಲಿಸಿದೆವು, ಅದೂ ಮೊಬೈಲಿನಿಂದ. ಕಳ್ಳ ಕೂತಿರಬಹುದಾದ ಯಂತ್ರದಲ್ಲೇ ಹೊಸ ಕೀಲಿ ಮಾಡಿಸಬಾರದು. ಜೊತೆಗೆ ಎಲ್ಲ ಸಾಧನಗಳಿಂದ ಸೈನ್ ಔಟ್. ಪಾಸ್‌ವರ್ಡ್ ಬದಲಾದರೂ, ನಾವು ಲಾಗಿನ್ ಆಗಿದ್ದೇವೆ ಎಂದು ಸೈಟಿಗೆ ಹೇಳುವ ಕುಕಿ ಎಂಬ ಗುರುತನ್ನು ಕದ್ದವನ ಬಳಿ ಆ ಲಾಗಿನ್ ಇನ್ನೂ ಚಾಲ್ತಿಯಲ್ಲಿರಬಹುದು. ಬಹಳ ಜನ ಈ ಒಂದು ಹೆಜ್ಜೆ ಬಿಟ್ಟುಬಿಡುತ್ತಾರೆ.

ಇಡೀ ಪರದೆ ತುಂಬುವ, ಕೀರಲು ದನಿಯಲ್ಲಿ ಕೂಗುವ ಪುಟದ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಹಣ ಹೋಗುವುದು ಅಲ್ಲೇ. "ಕಂಪ್ಯೂಟರ್ ಲಾಕ್ ಆಗಿದೆ, ಆಫ್ ಮಾಡಬೇಡಿ, ಈ ನಂಬರಿಗೆ ಕರೆ ಮಾಡಿ." ಅದು ಬರೀ ಒಂದು ವೆಬ್ ಪುಟ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ. ನಂಬರ್ ಕಂಡರೆ ನಾಟಕ ಎಂದೇ ಲೆಕ್ಕ. ಎಸ್ಕೇಪ್ ಕೀಲಿ ಒತ್ತಿ ಹಿಡಿದರೆ ಫುಲ್ ಸ್ಕ್ರೀನ್ ಬಿಟ್ಟುಕೊಡುತ್ತದೆ. ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಗಿಸಿ. ಮತ್ತೆ ತೆರೆದಾಗ "ಹಳೆಯ ಪುಟಗಳನ್ನು ತೆರೆಯಲಾ" ಎಂದು ಕೇಳಿದರೆ ಬೇಡ ಅನ್ನಿ.

ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿರುವುದು ಈಚಿನ ಹೊಸ ಆಟ. ಅದರಲ್ಲೂ "ರೋಬೋಟ್ ಅಲ್ಲ ಎಂದು ತೋರಿಸಿ" ಪುಟವೇ. ಆದರೆ ಅಲೋ ಕೇಳುವುದಿಲ್ಲ. ವಿಂಡೋಸ್ ಕೀಲಿ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ ಅನ್ನುತ್ತದೆ. ಅಷ್ಟರಲ್ಲಿ ಪುಟ ತನ್ನ ಕಮಾಂಡನ್ನು ಕ್ಲಿಪ್‌ಬೋರ್ಡಿಗೆ ಸೇರಿಸಿರುತ್ತದೆ. ಎಂಟರ್ ಒತ್ತಿದವರು ನಾವೇ ನಮ್ಮ ಕೈಯಾರೆ ಮಾಲ್‌ವೇರ್ ಓಡಿಸಿದಂತೆ. ಇದಕ್ಕೆ ಕ್ಲಿಕ್‌ಫಿಕ್ಸ್ ಎನ್ನುತ್ತಾರೆ, 2024ರಿಂದ ಜೋರಾಗಿದೆ. ಹೀಗೆ ಎಂಟರ್ ಒತ್ತಿಯಾಗಿದ್ದರೆ ನಾನೂ ಅಳಿಯನ ಪಕ್ಷ. ಇಂಟರ್ನೆಟ್ ಕಿತ್ತು, ಬೇಕಾದ ಫೈಲ್ ಎತ್ತಿಟ್ಟು, ಫಾರ್ಮ್ಯಾಟ್.

ಮೊಮ್ಮಗನಿಗೆ ಈಗ ಅಡ್ಮಿನ್ ಅಧಿಕಾರ ಇಲ್ಲದ ಬೇರೆ ಅಕೌಂಟ್ ಮಾಡಿಕೊಟ್ಟಿದ್ದೇನೆ. ಏನಾದರೂ ಇನ್‌ಸ್ಟಾಲ್ ಮಾಡಬೇಕಾದರೆ ಹೆಚ್ಚಿನಂಶ ನನ್ನ ಪಾಸ್‌ವರ್ಡ್ ಬೇಕಾಗುತ್ತದೆ. ಅವನಿಗೆ ಸಿಟ್ಟಿದೆ, ಇರಲಿ. ನೋಟಿಫಿಕೇಶನ್ ಎಲ್ಲ ಸೈಟಿಗೂ ಬಂದ್ ಮಾಡಿದ್ದೆ. ಎರಡು ದಿನಕ್ಕೇ ಹೆಂಡತಿ ಬಂದು, ಕ್ಯಾಲೆಂಡರ್ ನೆನಪಿಸುವುದೇ ಇಲ್ಲ ಎಂದು ಜಗಳ ತೆಗೆದಳು. ಅದೊಂದಕ್ಕೆ ಅಲೋ ಕೊಟ್ಟಿದ್ದೇನೆ.