ಹರಗಿ ಮೀನಿನ ಹುಡುಕಾಟ: ಹರಿಹರದ ಹೊಳೆದಂಡೆಯಲ್ಲಿ ಎರಡನೇ ಬೇಸಿಗೆ

ತುಂಗಭದ್ರೆಯ ಹರಿಹರ–ಹೊನ್ನಾಳಿ ಭಾಗದಲ್ಲಿ ಹರಗಿ ಮೀನು ಇನ್ನೂ ಉಳಿದಿದೆಯೇ, ಉಳಿದಿದ್ದರೆ ಎಂಥ ನೀರಿನಲ್ಲಿ ಎಂದು ತಿಳಿಯಲು ಹೋದ ವರ್ಷ ಕೈಗೆತ್ತಿಕೊಂಡ ಕೆಲಸದ ಮುಂದುವರಿಕೆ ಇದು. 1870ರಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ವಿವರಿಸಿದ, ಈಗ ಹಿಪ್ಸೆಲೊಬಾರ್ಬಸ್ ಪಲ್ಚೆಲಸ್ ಎಂಬ ವೈಜ್ಞಾನಿಕ ಹೆಸರಿನ ಈ ಮೀನು ದಕ್ಷಿಣ ಭಾರತದ ನದಿಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಸ್ಥೆಯಾದ ಐಯುಸಿಎನ್‌ನ ಕೆಂಪು ಪಟ್ಟಿ ಇದನ್ನು ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಗುರುತಿಸಿದೆ.

ಹರಗಿಯ ಮುಖ್ಯ ಆಹಾರ ನೀರೊಳಗಿನ ಸೊಪ್ಪು. ಆದ್ದರಿಂದ ಈ ಸಲ ಮೀನಿಗಿಂತ ಮೊದಲು ಸೊಪ್ಪನ್ನೇ ಹುಡುಕಿದೆ. ದಂಡೆಯ ಹತ್ತಿರ, ಸೆಳೆತ ಕಡಿಮೆಯಿರುವ ತಿಳಿನೀರಿನಲ್ಲಿ ಹೈಡ್ರಿಲ್ಲಾ ಎಂಬ ನೀರುಸೊಪ್ಪು ದಟ್ಟವಾಗಿ ಬೆಳೆದಿರುವ ಕಡೆಗಳೂ ಇವೆ. ಆದರೆ ಮರಳು ತೆಗೆದು ಗುಂಡಿ ಬಿದ್ದಲ್ಲಿ ಬೇರೂರಲು ತಳವೇ ಇಲ್ಲ, ಅಂತರಗಂಗೆ ಹಾಸಿಕೊಂಡಲ್ಲಿ ಕೆಳಗಿನ ಸೊಪ್ಪಿಗೆ ಬಿಸಿಲು ಇಳಿಯುವುದಿಲ್ಲ. ಹರಿಗೋಲಿನಲ್ಲಿ ನನ್ನನ್ನು ಕರೆದೊಯ್ದ ಹಿರಿಯ ಬೆಸ್ತರು, "ಅದು ಸೊಪ್ಪು ಮೇಯೋ ಮೀನ್ರೀ, ಸೊಪ್ಪೇ ಇಲ್ದಮ್ಯಾಲೆ ಎಲ್ಲಿಂದ ಬರಬೇಕು" ಎಂದರು. ನನ್ನ ಟಿಪ್ಪಣಿಗಳೂ ಅದನ್ನೇ ಹೇಳುತ್ತವೆ.

ಏಪ್ರಿಲ್‌ನ ಒಂದು ಬೆಳಿಗ್ಗೆ ದಂಡೆಯಲ್ಲಿ, ಆಗಲೇ ತಲೆ ಕತ್ತರಿಸಿ ಹುರುಪೆ ತೆಗೆದಿದ್ದ ದೊಡ್ಡ ಮೀನೊಂದು ಕಣ್ಣಿಗೆ ಬಿತ್ತು. ಹೊಟ್ಟೆ ಸೀಳಿದಾಗ ಸುರುಳಿ ಸುತ್ತಿಕೊಂಡ ಉದ್ದನೆಯ ಕರುಳು ಹೊರಬಂತು. ಅದರ ತುಂಬ ಅರೆದಂತಿದ್ದ ಹಸಿರು ಸೊಪ್ಪು. ಎದೆ ಹೊಡೆದುಕೊಂಡಿತು. ಆದರೂ ಹರಗಿ ಎಂದು ಬರೆಯಲಿಲ್ಲ, ಏಕೆಂದರೆ 1959ರಲ್ಲಿ ಹೊರದೇಶದಿಂದ ತಂದ ಹುಲ್ಲುಗೆಂಡೆಯೂ (ಗ್ರಾಸ್ ಕಾರ್ಪ್) ಸೊಪ್ಪನ್ನೇ ತಿನ್ನುತ್ತದೆ. ಹುಲ್ಲುಗೆಂಡೆಗೆ ಮೀಸೆಯಿಲ್ಲ, ಹರಗಿಗೆ ಇದೆ. ನೋಡಬೇಕಾಗಿದ್ದ ತಲೆ ಅಷ್ಟರಲ್ಲಿ ಮಾರಾಟವಾಗಿ ಹೋಗಿತ್ತು. ದಾಖಲೆಯಲ್ಲಿ "ಅನಿಶ್ಚಿತ" ಎಂದಷ್ಟೇ ಇದೆ. ನಮ್ಮ ಹೊಳೆಯಲ್ಲೇ ಸೊಪ್ಪು ತಿಂದು ಬೆಳೆಯುವ ಮೀನಿರುವಾಗ ಅದನ್ನು ಬಿಟ್ಟು ಹೊರಗಿನದನ್ನೇ ಹೆಚ್ಚಿಸಿದ್ದು ನನಗೆ ಇಂದಿಗೂ ನೋವಿನ ವಿಷಯ. ಬೆಂಗಳೂರು ಬಳಿಯ ಹೆಸರಘಟ್ಟದ ಮೀನು ಸಂಶೋಧನಾ ಕೇಂದ್ರದಲ್ಲಿ ಹರಗಿಯ ಪ್ರೇರಿತ ಸಂತಾನೋತ್ಪತ್ತಿ, ಅಂದರೆ ಹಾರ್ಮೋನು ಚುಚ್ಚಿ ಮೊಟ್ಟೆಯಿಡಿಸುವುದು, ಯಶಸ್ವಿಯಾಗಿದೆ, ಮರಿ ಸಿಗುವುದು ಅಸಾಧ್ಯವಲ್ಲ. ಅವುಗಳನ್ನು ಬಿಡಲು ಸೊಪ್ಪಿರುವ ದಂಡೆ ಬೇಕು.

ಬಲೆಗೆ ಬೀಳದ ಮಾತ್ರಕ್ಕೆ ಮೀನು ಇಲ್ಲವೆನ್ನಲಾಗದು, ಆದ್ದರಿಂದ ಸಂಖ್ಯೆಯ ಅಂದಾಜಿಗೆ ನಾನು ಕೈಹಾಕಿಲ್ಲ. ಮಳೆಗಾಲಕ್ಕೆ ಮುಂಚೆ ಸೊಪ್ಪಿರುವ ನಾಲ್ಕು ಜಾಗಗಳ ಚಿತ್ರವನ್ನು, ಪ್ರತಿ ಜಾಗದಲ್ಲೂ ಪ್ರತಿ ಸಲ ಅದೇ ಕಲ್ಲಿನ ಮೇಲೆ ನಿಂತು, ಪ್ರತಿ ವಾರ ತೆಗೆಯಬೇಕಿದೆ. ಅನುಮಾನದ ಮೀನು ಸಿಕ್ಕರೆ ಕತ್ತರಿಸುವ ಮೊದಲು ಬಾಯಿಯ ಚಿತ್ರ ತೆಗೆದು ಕಳಿಸಲು ಮೂವರು ಬೆಸ್ತರು ಒಪ್ಪಿದ್ದಾರೆ.