ಓಡುವ ಅಡುಗೆಮನೆಯ ಕಪಾಟು: ಮೊದಲು ಭಾರ, ಆಮೇಲೆ ಜಾಗ

ಟ್ರಾವೆಲ್ ಟ್ರೇಲರ್‌ನ, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆ-ಗಾಡಿಯ, ಅಡುಗೆಮನೆ ಅಡುಗೆಮನೆಯಾಗಿರುವುದು ಗಾಡಿ ನಿಂತಿರುವಷ್ಟು ಹೊತ್ತು ಮಾತ್ರ. ಹೊರಟ ಮೇಲೆ ಅದು ಸರಕು. ಹಳ್ಳಕ್ಕೆ ಬಿದ್ದು ಏಳುತ್ತದೆ, ತಿರುವಿನಲ್ಲಿ ವಾಲುತ್ತದೆ, ಬ್ರೇಕ್ ಹಾಕಿದಾಗ ಇದ್ದದ್ದೆಲ್ಲ ಮುಂದಕ್ಕೆ ನುಗ್ಗುತ್ತದೆ. ಗಾಜಿನ ಭರಣಿಗಳನ್ನು ಸಾಲಾಗಿ ಇಟ್ಟ ತೆರೆದ ಶೆಲ್ಫಿನ ಚಿತ್ರಗಳು ನೋಡಲು ಚೆನ್ನ; ಆ ಗಾಡಿ ಹತ್ತು ಕಿಲೋಮೀಟರ್ ಓಡಿದ ಮೇಲಿನ ಚಿತ್ರವನ್ನು ಯಾರೂ ಹಾಕುವುದಿಲ್ಲ. ಹಾಗಾಗಿ ಡಬ್ಬಿ ಕೊಳ್ಳುವುದಕ್ಕಿಂತ ಮುಂಚೆ ತೂಕದ ಲೆಕ್ಕ.

ಬಾಗಿಲ ಬಳಿ ಅಂಟಿಸಿರುವ ಭಾರದ ಚೀಟಿ ಓದಿ. ಗಾಡಿಗೆ ಅನುಮತಿಸಿದ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ನೀವು ಹೇರಬಹುದಾದ ಭಾರ. ಹಾಸಿಗೆ, ಬಟ್ಟೆ, ಕುರ್ಚಿ, ಉಪಕರಣ, ನೀರು ಎಲ್ಲ ಇದರೊಳಗೇ ಬರಬೇಕು. ನೀರು ಲೀಟರಿಗೆ ಒಂದು ಕಿಲೋ; 150 ಲೀಟರ್ ಟ್ಯಾಂಕ್ ತುಂಬಿಸಿದರೆ 150 ಕಿಲೋ ಹೋಯಿತು. ಅಡುಗೆ ಸಾಮಾನಿನ ಪಾಲು ಎಷ್ಟೆಂದು ತಿಳಿಯಲು ಒಂದೊಂದೇ ಪೆಟ್ಟಿಗೆ ತುಂಬಿ, ಮೈತೂಕ ನೋಡುವ ಯಂತ್ರದ ಮೇಲೆ ಇಟ್ಟು ಬರೆದುಕೊಳ್ಳಿ. ಊಟದ ದೊಡ್ಡ ಪಿಂಗಾಣಿ ತಟ್ಟೆ ಒಂದಕ್ಕೆ ಸುಮಾರು 600ರಿಂದ 700 ಗ್ರಾಂ, ಅದೇ ಅಳತೆಯ ಮೆಲಮೈನ್ (ಗಟ್ಟಿ ಪ್ಲಾಸ್ಟಿಕ್) ತಟ್ಟೆಗೆ ಅದರ ಅರ್ಧಕ್ಕಿಂತ ಕಡಿಮೆ. ನಾಲ್ಕು ಜನರ ತಟ್ಟೆ, ಬಟ್ಟಲು, ಲೋಟ ಸೇರಿದರೆ ವ್ಯತ್ಯಾಸ ಕಿಲೋಗಳಲ್ಲಿ ಕಾಣುತ್ತದೆ. ಮೆಲಮೈನ್ ಅನ್ನು ಮೈಕ್ರೋವೇವ್‌ಗೆ ಇಡುವಂತಿಲ್ಲ, ಅದೊಂದೇ ಅದರ ದೊಡ್ಡ ಕೊರತೆ. ಬಿಸಿ ಮಾಡಲು ಒಂದೆರಡು ಬೇರೆ ಬಟ್ಟಲು ಇಟ್ಟುಕೊಂಡರೆ ಆಯಿತು.

ಎಷ್ಟು ಭಾರ ಅನ್ನುವಷ್ಟೇ ಮುಖ್ಯ ಅದು ಎಲ್ಲಿದೆ ಅನ್ನುವುದು. ಹಿಚ್ (ಎಳೆಯುವ ವಾಹನಕ್ಕೆ ಟ್ರೇಲರ್ ಕಟ್ಟುವ ಕೊಂಡಿ) ಮೇಲೆ ಬೀಳುವ ಭಾರ ಗಾಡಿಯ ಒಟ್ಟು ತೂಕದ ಶೇ. 10ರಿಂದ 15 ಇರಬೇಕೆಂಬುದು ಉತ್ತರ ಅಮೆರಿಕದ ಟ್ರೇಲರ್‌ಗಳ ಲೆಕ್ಕ. ಯೂರೋಪಿನ ಹಗುರ ಕ್ಯಾರವಾನ್‌ಗಳಲ್ಲಿ ಇದು ಶೇ. 5ರಿಂದ 7ರ ಆಸುಪಾಸು. ನಿಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು. ಹಿಚ್ ಭಾರ ಇದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್‌ನ ಬಾಲ ಅತ್ತಿತ್ತ ಬೀಸತೊಡಗುತ್ತದೆ. ಅಡುಗೆಮನೆ ಗಾಡಿಯ ಹಿಂಭಾಗದಲ್ಲಿದ್ದರೆ ಈ ಅಪಾಯವನ್ನು ತಂದುಕೊಳ್ಳುವುದು ಸುಲಭ. ಹಿಚ್‌ನಿಂದ ಆಕ್ಸಲ್‌ಗೆ (ಚಕ್ರಗಳ ಅಚ್ಚಿಗೆ) 4.5 ಮೀಟರ್ ಇದೆ ಎನ್ನಿ. ಆಕ್ಸಲ್‌ನಿಂದ 2 ಮೀಟರ್ ಹಿಂದೆ 30 ಕಿಲೋ ಡಬ್ಬ, ಬಾಟಲಿ ಇಟ್ಟರೆ ಹಿಚ್ ಮೇಲಿನ ಭಾರ ಸುಮಾರು 13 ಕಿಲೋ ಇಳಿಯುತ್ತದೆ. ಜೊತೆಗೆ ಹಿಂದಿನ ತುದಿಯೇ ಅತಿ ಹೆಚ್ಚು ಎಗರುವ ಜಾಗ, ಒಡೆಯುವ ವಸ್ತುವಿಗೂ ಅದು ಒಳ್ಳೆಯದಲ್ಲ. ಹಿಂದಿನ ಅಡುಗೆಮನೆಯವರು ತವರದ ಡಬ್ಬಗಳು, ಬೀಡು ಕಬ್ಬಿಣದ ಬಾಣಲೆ, ಹಿಟ್ಟಿನ ದೊಡ್ಡ ಚೀಲ, ಕುಡಿಯುವ ನೀರಿನ ಕ್ಯಾನು ಇವನ್ನೆಲ್ಲ ಆಕ್ಸಲ್‌ನ ನೇರಕ್ಕೆ ಅಥವಾ ಅದರ ಸ್ವಲ್ಪ ಮುಂದಕ್ಕೆ, ಸೋಫಾದ ಕೆಳಗಿನ ಪೆಟ್ಟಿಗೆಯಲ್ಲಿ ಇಡುವುದು ವಾಸಿ. ದಿನಕ್ಕೊಮ್ಮೆ ಬಗ್ಗಿ ತೆಗೆಯುವುದು ಕಿರಿಕಿರಿಯೇ, ಆದರೆ ಇಲ್ಲಿ ಅನುಕೂಲಕ್ಕೆ ಎರಡನೇ ಸ್ಥಾನ. ಎಡ-ಬಲದ ಸಮತೋಲವನ್ನೂ ನೋಡಿ. ಒಲೆ, ಫ್ರಿಜ್, ಸಿಂಕ್ ಎಲ್ಲ ಒಂದೇ ಗೋಡೆಗಿದ್ದರೆ ಭಾರದ ದಿನಸಿ ಎದುರು ಗೋಡೆಗೆ ಹೋಗಲಿ.

ತಲೆಯ ಮೇಲಿನ ಕಪಾಟುಗಳನ್ನು ನಂಬಬೇಡಿ. ಬಹುಪಾಲು ಗಾಡಿಗಳಲ್ಲಿ ಅವು ತೆಳು ಹಲಗೆಯವು, ಸ್ಟೇಪಲ್ ಮತ್ತು ನಾಲ್ಕಾರು ಸ್ಕ್ರೂಗಳ ಮೇಲೆ ನಿಂತವು. ತಯಾರಕರು ಕಪಾಟಿನ ಭಾರದ ಮಿತಿ ಬರೆದಿದ್ದರೆ ಅದನ್ನು ಮೀರಬೇಡಿ. ಬರೆಯದಿದ್ದರೆ ಅಲ್ಲಿ ಕಾಗದದ ಟವೆಲ್, ಪ್ಲಾಸ್ಟಿಕ್ ಲೋಟ, ಚಹಾ ಪುಡಿ, ಒಣ ತಿಂಡಿಯ ಪೊಟ್ಟಣ, ಇಷ್ಟೇ. ಕಪಾಟು ಮತ್ತು ಚಾವಣಿಯ ನಡುವೆ ಹೊಸ ಸಂದು ಕಂಡರೆ ಅದು ಜಗ್ಗುತ್ತಿದೆ ಎಂದು ಅರ್ಥ. ಅಂದೇ ಖಾಲಿ ಮಾಡಿ, ಸ್ಕ್ರೂ ಚೌಕಟ್ಟಿನ ಪಟ್ಟಿಗೆ ಕಚ್ಚಿದೆಯೇ ಅಥವಾ ಬರೀ ತೆಳು ಫಲಕಕ್ಕೆ ಕಚ್ಚಿದೆಯೇ ನೋಡಿ.

ಇನ್ನು ಅಳತೆ. ಕಪಾಟಿನ ಒಳಗಲವನ್ನು ಅಳೆದುಕೊಂಡು ಬಾಕ್ಸ್ ತಂದು, ಅದು ಬಾಯಲ್ಲೇ ಸಿಕ್ಕಿಕೊಳ್ಳುವುದು ತೀರಾ ಸಾಮಾನ್ಯ. ಮುಂದಿನ ಚೌಕಟ್ಟು ಬಾಯಿಯನ್ನು ಕಿರಿದು ಮಾಡುತ್ತದೆ, ಒಳಗಿನ ಹಿಂಜ್ ಇನ್ನಷ್ಟು ತಿನ್ನುತ್ತದೆ. ಒಳಗಲ 46 ಸೆಂ.ಮೀ. ಇದ್ದರೂ ಬಾಯಿ 38 ಇರಬಹುದು. ಒಂದು ಬದಿಯ ಹಿಂಜ್ 2 ಸೆಂ.ಮೀ. ಹಿಡಿದರೆ ಕೈಗೆ ಸಿಗುವುದು 36. ಅಲ್ಲಿಗೆ 18ರ ಎರಡು ಬಾಕ್ಸ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತವೆ, 17ರವು ಸಲೀಸಾಗಿ ಹೋಗಿ ಬರುತ್ತವೆ. ಹಾಗಾಗಿ ಬಾಯಿಯ ಅಗಲ, ಬಾಯಿಯ ಎತ್ತರ, ಒಳ ಆಳ ಮೂರನ್ನೂ ಬರೆಯಿರಿ. ಆಳವನ್ನು ಕೆಳಗೊಮ್ಮೆ ಮೇಲೊಮ್ಮೆ ಅಳೆಯಿರಿ, ಏಕೆಂದರೆ ಹಿಂದೆ ಚಕ್ರದ ಗುಮ್ಮಟವೋ ಪೈಪೋ ಅಡ್ಡ ಇರುತ್ತದೆ. ಬಾಕ್ಸಿನ ತಳವನ್ನೂ ನೋಡಿ. ಒಂದರೊಳಗೊಂದು ಕೂರಲೆಂದು ಮಾಡಿದ ಬುಟ್ಟಿಗಳು ಕೆಳಗೆ ಕಿರಿದಾಗಿರುತ್ತವೆ. ಮೇಲೆ 20 ಇದ್ದದ್ದು ತಳದಲ್ಲಿ 16 ಇದ್ದರೆ ಆ ಜಾಗ ದಂಡ. ನೇರ ಗೋಡೆಯ ಬಾಕ್ಸ್ ಹುಡುಕಿ.

ದುಂಡನೆಯ ಡಬ್ಬಿಗಳನ್ನು ಮನೆಯಲ್ಲೇ ಬಿಡಿ. ಚೌಕದೊಳಗೆ ಕೂತ ವೃತ್ತ ಆ ಜಾಗದ ಶೇ. 78.5ರಷ್ಟನ್ನು ಮಾತ್ರ ತುಂಬುತ್ತದೆ, ಐದರಲ್ಲೊಂದು ಪಾಲು ಗಾಳಿ. ಮೇಲಾಗಿ ಅವು ಉರುಳುತ್ತವೆ. ಒಂದೇ ತಳದ ಅಳತೆ, ಎರಡು ಎತ್ತರದ ಚೌಕ ಡಬ್ಬಿಗಳು, ಅರ್ಧ ಲೀಟರ್ ಮತ್ತು ಒಂದು ಲೀಟರ್, ಬಹುತೇಕ ದಿನಸಿಗೆ ಸಾಕು. ಎರಡು ಚಿಕ್ಕವನ್ನು ಪೇರಿಸಿದರೆ ಒಂದು ದೊಡ್ಡದರ ಎತ್ತರ ಬರುವಂತಿದ್ದರೆ ಇನ್ನೂ ಒಳ್ಳೆಯದು. ಡ್ರಾಯರ್‌ನಲ್ಲಿಡುವ ಡಬ್ಬಿಗೆ ಹೆಸರು ಮುಚ್ಚಳದ ಮೇಲೆ, ಕಪಾಟಿನದಕ್ಕೆ ಮುಖದ ಮೇಲೆ. ಆಳದ ಕಪಾಟಿಗೆ ಉದ್ದನೆಯ ಬುಟ್ಟಿ ಬೇಕು. ಇಡೀ ಬುಟ್ಟಿ ಡ್ರಾಯರ್‌ನಂತೆ ಹೊರಗೆ ಬರಬೇಕು. ಹಿಂದೊಂದು ಮುಂದೊಂದು ಬಾಕ್ಸ್ ಇಟ್ಟರೆ ಹಿಂದಿನದು ಪ್ರವಾಸ ಮುಗಿಯುವವರೆಗೆ ಅಲ್ಲೇ ಇರುತ್ತದೆ.

ಒಡೆಯುವುದು, ಚೆಲ್ಲುವುದು ಎಲ್ಲಕ್ಕೂ ಮೂಲ ಒಂದೇ: ಸಡಿಲ ಜಾಗ. ಎರಡು ಸೆಂಟಿಮೀಟರ್ ಸಂದು ಸಿಕ್ಕರೆ ವಸ್ತು ವೇಗ ಪಡೆದು ಬಡಿಯುತ್ತದೆ. ಸಂದೇ ಇಲ್ಲದಿದ್ದರೆ ಬಡಿಯಲು ಆಸ್ಪದವಿಲ್ಲ. ಅಡುಗೆ ಕೈವಸ್ತ್ರ, ಸ್ಪಂಜು, ಓವನ್ ಕೈಗವಸು ಹೇಗೂ ಒಯ್ಯಲೇಬೇಕಾದವು, ಅವನ್ನೇ ಸಂದುಗಳಿಗೆ ತುರುಕಿ. ತಟ್ಟೆಗಳ ನಡುವೆ ತೆಳು ಫೆಲ್ಟ್ ಅಥವಾ ಕಾಗದದ ಟವೆಲ್. ತೋಳುದ್ದದ ಹಿಡಿ ಇರುವ ಪಾತ್ರೆಗಳ ಬದಲು ಹಿಡಿ ಕಳಚುವ, ಒಂದರೊಳಗೊಂದು ಕೂರುವ ಪಾತ್ರೆಗಳ ಸೆಟ್ ತೆಗೆದುಕೊಳ್ಳಿ, ಆದರೆ ಪ್ರತಿ ಎರಡರ ನಡುವೆ ಬಟ್ಟೆ ಇಡದಿದ್ದರೆ ನಾನ್‌ಸ್ಟಿಕ್ ಲೇಪ ಒಂದೇ ಪ್ರಯಾಣದಲ್ಲಿ ಗೀಚಿಹೋಗುತ್ತದೆ. ಚಾಕುಗಳಿಗೆ ಒರೆ. ಗೋಡೆಯ ಅಯಸ್ಕಾಂತ ಪಟ್ಟಿ ನಿಂತಾಗ ಉಪಯೋಗಕ್ಕೆ; ಗಾಡಿ ಓಡುವಾಗ ಚಾಕು ಅದರ ಮೇಲೆ ಇರಲೇಬಾರದು.

ಜಾರದಂತೆ ಹಾಸುವ ಜಾಲರಿ ಹಾಳೆ ಎಲ್ಲರೂ ಬಳಸುವುದೇ. ಒಂದು ಎಚ್ಚರ: ಅಗ್ಗದ ಪಿವಿಸಿ ಜಾಲರಿ ಬಿಸಿಲಿಗೆ ಕಾದ ಗಾಡಿಯಲ್ಲಿ ಕಪಾಟಿನ ವಿನೈಲ್ ಮೇಲ್ಮೈಗೆ ಅಂಟಿಕೊಂಡು, ಕಿತ್ತಾಗ ಗುರುತು ಉಳಿಸುತ್ತದೆ. ಕಾರ್ಕ್ ಅಥವಾ ಇವಿಎ (ಮೆದು ಫೋಮ್) ಹಾಳೆ ಹಾಸಿ, ಇಲ್ಲವೇ ಜಾಲರಿಯ ಕೆಳಗೆ ಕಾಗದ ಹಾಸಿ. ಅಂದಹಾಗೆ ಹಾಳೆ ಜಾರುವುದನ್ನು ತಡೆಯುತ್ತದೆಯೇ ಹೊರತು ಎಗರುವುದನ್ನಲ್ಲ. ಅದಕ್ಕೆ ಶೆಲ್ಫಿನ ಮುಂದೆ 3ರಿಂದ 4 ಸೆಂ.ಮೀ. ಅಂಚುಪಟ್ಟಿ ಅಥವಾ ಅಡ್ಡ ಸ್ಪ್ರಿಂಗ್ ಕಂಬಿ ಬೇಕು. ಕಂಬಿಯನ್ನು ತೀರಾ ಬಿಗಿಯಾಗಿ ಹಿಗ್ಗಿಸಿದರೆ ತೆಳು ಗೋಡೆ ಉಬ್ಬುತ್ತದೆ, ಆಗ ಕಂಬಿ ತಾನೇ ಬೀಳುತ್ತದೆ. ತುದಿಗೆ ಅಗಲ ರಬ್ಬರ್ ಇರುವುದನ್ನು ಆರಿಸಿ.

ಚಿಲಕಗಳ ವಿಷಯಕ್ಕೆ ಬಂದರೆ ಯಾವ ಡ್ರಾಯರ್ ಯಾವ ಕಡೆಗೆ ತೆರೆಯುತ್ತದೆ ಎಂದು ನೋಡಿಕೊಳ್ಳಿ. ಗಾಡಿಯ ಮುಂದಿನ ದಿಕ್ಕಿಗೆ ತೆರೆಯುವ ಡ್ರಾಯರ್ ಬ್ರೇಕ್‌ಗೆ ಬಾಯಿ ಬಿಡುತ್ತದೆ. ಪಕ್ಕಕ್ಕೆ ತೆರೆಯುವುದು ತಿರುವಿನಲ್ಲಿ. ಬ್ರೇಕಿನ ಎಳೆತವೇ ಎಲ್ಲಕ್ಕಿಂತ ಜೋರು, ಆದ್ದರಿಂದ ಮುಂದಕ್ಕೆ ತೆರೆಯುವ ಡ್ರಾಯರ್‌ಗೆ ಒತ್ತು ಗುಂಡಿಯ ಚಿಲಕ ಹಾಕಿಸಿ, ಬರೀ ಘರ್ಷಣೆಯ ಕ್ಯಾಚ್ ಸಾಲದು. ಮಕ್ಕಳು ತೆರೆಯದಂತೆ ಹಾಕುವ ಪಟ್ಟಿ ಚಿಲಕಗಳೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಇದೇ ಲೆಕ್ಕದಲ್ಲಿ ಒಂದು ಕಪಾಟಿನೊಳಗೂ ಭಾರದ ವಸ್ತು ಮುಂದಿನ ದಿಕ್ಕಿನ ಗೋಡೆಗೆ ಒತ್ತಿಕೊಂಡಿರಲಿ. ಬ್ರೇಕ್ ಹಾಕಿದಾಗ ಅದು ಈಗಾಗಲೇ ಮುಟ್ಟಿಕೊಂಡಿರುವ ಗೋಡೆಗೆ ಒರಗುತ್ತದೆ, ದೂರದಿಂದ ಹಾರಿ ಬಡಿಯುವುದಿಲ್ಲ.

ಗೋಡೆಗೆ ಏನಾದರೂ ತೂಗುಹಾಕಬೇಕೆಂದರೆ ಗೋಡೆಯ ಒಳಗೇನಿದೆ ಎಂದು ತಿಳಿದಿರಬೇಕು. ಸುಮಾರು 3 ಮಿ.ಮೀ. ಫಲಕ, ಅದರ ಹಿಂದೆ ಶಾಖ ತಡೆಯುವ ಫೋಮ್ ಅಥವಾ ಗಾಜಿನ ಉಣ್ಣೆ, ಅಲ್ಲಲ್ಲಿ ಮರದ ಇಲ್ಲವೇ ಅಲ್ಯೂಮಿನಿಯಂ ಚೌಕಟ್ಟು, ನಡುವೆ ವೈರು, ಆಚೆ ಹೊರ ತಗಡು. ಫಲಕವೊಂದಕ್ಕೇ ಹಾಕಿದ ಸ್ಕ್ರೂ ಕುಲುಕಾಟಕ್ಕೆ ತೂತು ಅಗಲ ಮಾಡಿಕೊಂಡು ಉದುರುತ್ತದೆ. ಉದ್ದನೆಯ ಸ್ಕ್ರೂ ವೈರನ್ನೋ ಹೊರ ತಗಡನ್ನೋ ಚುಚ್ಚುತ್ತದೆ. ಅಯಸ್ಕಾಂತ ಓಡಿಸಿ ಸ್ಟೇಪಲ್ ಅಥವಾ ಸ್ಕ್ರೂ ಸಾಲು ಹುಡುಕಿದರೆ ಚೌಕಟ್ಟಿನ ಪಟ್ಟಿ ಸಿಗುತ್ತದೆ. ಅಲ್ಲಿಗೂ ಫಲಕದ ಒಳಗೆ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಇಳಿಯದ ಸ್ಕ್ರೂ ಇರಲಿ. ಅಂಟಿಸುವ ಕೊಕ್ಕೆಯಾದರೆ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ಭಾರ ಹಾಕಿ. ಅಂಟು ಗಟ್ಟಿಯಾಗಿದ್ದೂ ಕೊಕ್ಕೆ ಬಿದ್ದಿದ್ದರೆ ಹಿಂಭಾಗ ನೋಡಿ: ಗೋಡೆಯ ವಿನೈಲ್ ಪದರವೇ ಕಿತ್ತುಬಂದಿರುತ್ತದೆ. ಅಂಥ ಗೋಡೆಗೆ ಸೌಟು, ಬಟ್ಟೆಗಿಂತ ಹೆಚ್ಚಿನದನ್ನು ನೇತುಹಾಕಬೇಡಿ.

ಸಿಂಕ್ ಕೆಳಗಿನ ಜಾಗ ದೊಡ್ಡದಾಗಿ ಕಾಣುತ್ತದೆ, ಆದರೆ ಅದು ಪೂರ್ತಿ ನಿಮ್ಮದಲ್ಲ. ಬಾಗು ಪೈಪಿನ ನಟ್ಟುಗಳು ಕುಲುಕಾಟಕ್ಕೆ ಸಡಿಲವಾಗುತ್ತವೆ. ಅದಕ್ಕೆ ಒರಗಿಸಿಟ್ಟ ಬಕೆಟ್ ಆ ಕೆಲಸವನ್ನು ಬೇಗ ಮುಗಿಸುತ್ತದೆ. ಪೈಪಿನ ಸುತ್ತ ಕೈ ಆಡುವಷ್ಟು ಜಾಗ ಬಿಟ್ಟು, ಅಂಚಿರುವ ಟ್ರೇ ಇಟ್ಟು, ಅದರಲ್ಲಿ ನೀರು ತಾಗಿದರೂ ಕೆಡದವನ್ನು ಮಾತ್ರ ಇಡಿ. ಹಿಟ್ಟು, ಕಾಗದ ಅಲ್ಲಿ ಬೇಡ. ಹೀಟರ್‌ಗೆ ಗಾಳಿ ಎಳೆಯುವ ಜಾಲರಿ, ಫ್ಯೂಸ್ ಪೆಟ್ಟಿಗೆ, ನೆಲದ ಬಳಿ ಇರುವ ಗ್ಯಾಸ್ ಸೋರಿಕೆ ಎಚ್ಚರಿಕೆ ಯಂತ್ರ ಇವಕ್ಕೆ ಯಾವ ಬುಟ್ಟಿಯೂ ಅಡ್ಡ ಬರಬಾರದು. ಒಲೆಗೆ ಉರಿಸುವ ಪ್ರೊಪೇನ್ ಗ್ಯಾಸ್ ಗಾಳಿಗಿಂತ ಭಾರ, ತಗ್ಗಿಗೆ ಇಳಿದು ನಿಲ್ಲುತ್ತದೆ. ಆ ಯಂತ್ರವನ್ನು ಕೆಳಗಿಟ್ಟಿರುವುದು ಅದಕ್ಕೇ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಪಕ್ಕ ಇರಲಿ, ಒಲೆಯ ಆಚೆ ಅಲ್ಲ.

ಫ್ರಿಜ್ ಅನ್ನು ಹೊರಡುವ ಹಿಂದಿನ ದಿನವೇ ಹಾಕಿ, ತಣ್ಣಗಿರುವ ಪದಾರ್ಥವನ್ನೇ ತುಂಬಿ. ಗ್ಯಾಸ್‌ನಲ್ಲೂ ಓಡುವ ಅಬ್ಸಾರ್ಪ್ಶನ್ ಫ್ರಿಜ್ ನಿಧಾನಿ. ಬೆಚ್ಚಗಿನ ಸಾಮಾನು ತುಂಬಿದರೆ 4 ಡಿಗ್ರಿಗೆ ಇಳಿಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಒಳಗಿನ ತಂಪು ರೆಕ್ಕೆಗಳಿಗೆ ಏನೂ ತಾಗಬಾರದು, ಶೆಲ್ಫಿನ ಮೇಲೆ ಹಾಳೆ ಹಾಸಿ ಗಾಳಿ ಕಟ್ಟಬಾರದು. ಇಲ್ಲಿ ಮಾತ್ರ ಒತ್ತಾಗಿ ತುಂಬುವ ನಿಯಮ ಸಡಿಲ: ಸಂದು ಬಿಡಿ, ಬದಲಿಗೆ ಪ್ರತಿ ಶೆಲ್ಫಿಗೆ ಅಡ್ಡ ಕಂಬಿ ಕೊಡಿ. ಹಾಲಿನಂಥ ದ್ರವ ತಳದ ಟ್ರೇಯಲ್ಲಿ. ಬಾಗಿಲಿನ ಖಾನೆಗೆ ಹಗುರದ್ದು ಮಾತ್ರ. ಅಲ್ಲಿನ ಭಾರ ಪ್ರತಿ ಹಳ್ಳಕ್ಕೂ ಫ್ರಿಜ್‌ನ ಚಿಲಕವನ್ನು ಜಗ್ಗುತ್ತದೆ.

ಬೆಟ್ಟದ ದಾರಿಗೆ ಹೋಗುವವರಿಗೆ ಇನ್ನೊಂದು. 3000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಶೇ. 70 ಮಾತ್ರ. ಕೆಳಗೆ ಮುಚ್ಚಿದ ಪೊಟ್ಟಣ ಮೇಲೆ ಉಬ್ಬುತ್ತದೆ, ಅರ್ಧ ಖಾಲಿಯಾದ ಎಣ್ಣೆ ಬಾಟಲಿ, ಪಂಪ್ ಇರುವ ಸೋಪಿನ ಬಾಟಲಿ ತಾವೇ ಉಗುಳುತ್ತವೆ. ದ್ರವಗಳೆಲ್ಲ ಒಂದೇ ಆಳದ ಬಾಕ್ಸಿನಲ್ಲಿ ನೆಟ್ಟಗೆ ನಿಂತಿರಲಿ, ಪಂಪಿನ ಬದಲು ತಿರುಪು ಮುಚ್ಚಳ ಹಾಕಿ, ಮಧ್ಯೆ ಒಮ್ಮೆ ಸಡಿಲಿಸಿ ಮುಚ್ಚಿ.

ಚಳಿಯಲ್ಲಿ ಹೊರಗೋಡೆಗೆ ತಾಗಿದ ಕಪಾಟಿನ ಹಿಂಭಾಗ ಬೆವರುತ್ತದೆ. ಉಪ್ಪು, ಸಕ್ಕರೆ, ಹಿಟ್ಟು ಗಟ್ಟಿಯಾಗುವುದು ಅಲ್ಲೇ. ಗಾಡಿ ನಿಂತಾಗ ಹಿಂದೆ 2 ಸೆಂ.ಮೀ. ಬಿಟ್ಟು ಇಡಿ, ರಾತ್ರಿ ಕಪಾಟಿನ ಬಾಗಿಲು ಸ್ವಲ್ಪ ತೆರೆದಿಡಿ.

ಸ್ಲೈಡ್ (ನಿಂತಾಗ ಹೊರಕ್ಕೆ ಚಾಚಿ ಜಾಗ ಹಿಗ್ಗಿಸುವ ಭಾಗ) ಇರುವ ಗಾಡಿಯಲ್ಲಿ ಅದನ್ನು ಒಳಗೆ ಎಳೆದುಕೊಂಡಾಗ ಯಾವ ಬಾಗಿಲು ತೆರೆಯುವುದಿಲ್ಲ ಎಂದು ತುಂಬುವ ಮುನ್ನವೇ ನೋಡಿ. ದಾರಿಯ ಊಟ, ನೀರು, ಲೋಟ, ಒಂದು ಚಾಕು ಸ್ಲೈಡ್ ಮುಚ್ಚಿದ್ದರೂ ಕೈಗೆ ಸಿಗುವ ಕಡೆ ಇರಲಿ.

ಎಲ್ಲ ಜೋಡಿಸಿದ ಮೇಲೆ ಕೆಟ್ಟ ರಸ್ತೆಯಲ್ಲಿ ಅರ್ಧ ಗಂಟೆ ಗಾಡಿ ಎಳೆದು ಬನ್ನಿ. ನಿಲ್ಲಿಸಿ ಮೇಲಿನ ಕಪಾಟನ್ನು ಒಂದು ಕೈ ಅಡ್ಡ ಇಟ್ಟು ನಿಧಾನ ತೆರೆಯಿರಿ. ಸರಿದ ವಸ್ತು ಬಾಗಿಲಿಗೇ ಒರಗಿ ಕಾಯುತ್ತಿರುತ್ತದೆ. ಏನು ಎಷ್ಟು ಸರಿದಿದೆ ನೋಡಿ, ಅದೊಂದಕ್ಕೆ ಮದ್ದು ಮಾಡಿ, ಮತ್ತೆ ಎಳೆಯಿರಿ. ಒಲೆಯ ಜಾಲರಿಗಳು ಕಟಕಟ ಎನ್ನುತ್ತಿದ್ದರೆ ತೆಗೆದು ಬಟ್ಟೆಯಲ್ಲಿ ಸುತ್ತಿ ಸಿಂಕ್‌ನೊಳಗೆ ಮಲಗಿಸಿ.

ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ತಿನ್ನುವ ಪದಾರ್ಥ ಒಂದು ಕಾಳೂ ಬಿಡದೆ ತೆಗೆಯಿರಿ. ಇಲಿಮರಿ ಪ್ಲಾಸ್ಟಿಕ್ ಡಬ್ಬಿಯನ್ನು ಕೊರೆಯುತ್ತದೆ, 6 ಮಿ.ಮೀ. ಸಂದಿನಲ್ಲೂ ನುಸುಳುತ್ತದೆ. ಸಿಂಕ್ ಕೆಳಗೆ ಪೈಪು ನೆಲ ದಾಟುವ ತೂತುಗಳೇ ಅದರ ಹೆದ್ದಾರಿ. ಅಲ್ಲಿ ಉಕ್ಕಿನ ಉಣ್ಣೆ ತುರುಕಿ ಮೇಲೆ ಸೀಲಂಟ್ ಹಚ್ಚಿ. ನೀರು ಹೆಪ್ಪುಗಟ್ಟುವ ಚಳಿಯ ಕಡೆಯಾದರೆ ಬಾಟಲಿಗಳನ್ನೂ, ನೀರಂಶವಿರುವ ತವರದ ಡಬ್ಬಗಳನ್ನೂ ಮನೆಗೆ ಒಯ್ಯಿರಿ. ಫ್ರಿಜ್ ಒರೆಸಿ, ಬಾಗಿಲು ಮುಚ್ಚದಂತೆ ನಡುವೆ ಮಡಿಸಿದ ಟವೆಲ್ ಸಿಕ್ಕಿಸಿ.